ಮೊದಲು ಎದುರಾಳಿಯ ಮಾತು

ನಾನು ತೋರಣಗಲ್ಲಿನಲ್ಲಿ ಮಕ್ಕಳಿಗೆ ಪಾಠ ಹೇಳುವವನು. ಪ್ರತಿಭಾ ಕಾರಂಜಿಯ ದಿನಗಳು ಹತ್ತಿರ ಬಂದವೆಂದರೆ, ಸಂಜೆ ಶಾಲೆ ಬಿಟ್ಟ ಮೇಲೂ ನಮ್ಮ ಒಂದು ಕೊಠಡಿಯ ಬಾಗಿಲು ಮುಚ್ಚುವುದಿಲ್ಲ. ಎಂಟು ಹತ್ತು ಮಕ್ಕಳು, ಒಂದು ಕೈಗಡಿಯಾರ, ಒಂದು ಸ್ಟೀಲ್ ಲೋಟ, ಒಂದು ಚಮಚ. ಚರ್ಚಾಸ್ಪರ್ಧೆಯ ತಯಾರಿಗೆ ನಮಗೆ ಬೇಕಾದದ್ದು ಇಷ್ಟೇ. ಮೂರು ನಿಮಿಷಕ್ಕೆ ಲೋಟ ಒಂದು ಸಲ ಸದ್ದು ಮಾಡಿದರೆ ಎಚ್ಚರಿಕೆ. ನಾಲ್ಕಕ್ಕೆ ಎರಡು ಸಲ ಸದ್ದಾದರೆ ಮಾತು ನಿಲ್ಲಿಸಬೇಕು.

ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬಂದ ತಂದೆಯೊಬ್ಬರು ಬಾಗಿಲಲ್ಲೇ ನಿಂತು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ನನ್ನನ್ನು ಕೇಳಿದರು: "ಸರ್, ಲೆಕ್ಕ ಹೇಳಿಕೊಡೋರು ಲೆಕ್ಕ ಓದಿರ್ತಾರ. ವಾದ ಮಾಡೋದು ಹೇಳಿಕೊಡೋರು ಏನು ಓದಿರಬೇಕ್ರಿ?" ಆ ಹೊತ್ತಿಗೆ ತೋಚಿದ ಏನೋ ಒಂದು ಉತ್ತರ ಕೊಟ್ಟೆ. ಅದು ಸಾಲದು ಎಂದು ಆಗಲೇ ಗೊತ್ತಿತ್ತು. ಅವರಿಗೆ ಹೇಳಬೇಕಾಗಿದ್ದ ಪೂರ್ತಿ ಉತ್ತರವನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ವಾದ ಕಲಿಸುವವನು ಮೂರು ಕಡೆ ಪಳಗಿ ಬಂದಿರಬೇಕು. ಮೊದಲನೆಯದು ಸ್ಪರ್ಧೆಯ ವೇದಿಕೆ. ಎರಡನೆಯದು ಓದು. ಮೂರನೆಯದು, ಕೈಯಾರೆ ಕಟ್ಟಿ ನಡೆಸಿದ ಒಂದು ಉದ್ದಿಮೆ. ಮೂರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಪಾಠ ಹೇಳುತ್ತವೆ. ಎದುರಿಗಿರುವವನ ಮಾತನ್ನು ಮೊದಲು ಪೂರ್ತಿ ಕೇಳು. ಅದರ ಪೂರಾ ಬಲದೊಡನೆ ಅದನ್ನು ನಿಲ್ಲಿಸು. ನಿನ್ನ ಮಾತು ಆಮೇಲೆ.

ಈ ಮೂರನ್ನೂ ಒಂದೇ ಬಾಳಿನಲ್ಲಿ ಕೂಡಿಸಿಕೊಂಡಿದ್ದ ಗುರುವೊಬ್ಬರು ಐನೂರು ವರ್ಷಗಳ ಹಿಂದೆ ನಮ್ಮ ಹಂಪಿಯಲ್ಲೇ ಇದ್ದರು. ಅವರು ವ್ಯಾಸತೀರ್ಥರು. ಜನ ಅವರನ್ನು ವ್ಯಾಸರಾಯರು ಎಂದೂ ಕರೆಯುತ್ತಾರೆ. ಆನೆಗೊಂದಿಯ ದಡದಿಂದ ದೋಣಿಯಲ್ಲಿ ದಾಟಿದರೆ, ತುಂಗಭದ್ರೆಯ ನಡುಗಡ್ಡೆಯಲ್ಲಿ ನವಬೃಂದಾವನವಿದೆ. ಅಲ್ಲಿರುವ ಒಂಬತ್ತು ಬೃಂದಾವನಗಳಲ್ಲಿ ಒಂದು ಅವರದು. ನಮ್ಮಲ್ಲಿ ಬಹಳ ಮಂದಿ ಅಲ್ಲಿಗೆ ಹೋಗಿ ಕೈಮುಗಿದು ಬಂದಿದ್ದೇವೆ. ಅವರ ದ್ವೈತ ಸಿದ್ಧಾಂತವನ್ನು ಒಪ್ಪುವವರು ಇದ್ದಾರೆ, ಒಪ್ಪದವರೂ ಇದ್ದಾರೆ. ಇವತ್ತು ನಾನು ಹೇಳಹೊರಟಿರುವುದು ಅವರು ವಾದವನ್ನು ಹೇಗೆ ಕಲಿತರು, ಹೇಗೆ ಕಲಿಸಿದರು ಎಂಬುದನ್ನು.

ಅವರು ಹುಟ್ಟಿದ್ದು ಬನ್ನೂರಿನಲ್ಲಿ, 15ನೆಯ ಶತಮಾನದಲ್ಲಿ. ಅಬ್ಬೂರಿನ ಬ್ರಹ್ಮಣ್ಯತೀರ್ಥರು ಅವರಿಗೆ ಸನ್ಯಾಸ ಕೊಟ್ಟರು. ಚಿಕ್ಕ ವಯಸ್ಸಿನಲ್ಲೇ ಮಠದ ಹೊಣೆ ಹೆಗಲಿಗೆ ಬಂತು. ಆಗ ಅವರು ಕಂಚಿಗೆ ಹೋದರು. ಶಾಸ್ತ್ರಗಳ ಓದಿಗೆ ದಕ್ಷಿಣದಲ್ಲೆಲ್ಲ ಹೆಸರಾದ ಊರು ಅದು. ತಮ್ಮ ಮತದ ಗ್ರಂಥಗಳು ಹೇಗೂ ಮನೆಯಲ್ಲೇ ಇದ್ದವು. ಅಲ್ಲಿ ಅವರು ಕಲಿತದ್ದು ಬೇರೆಬೇರೆ ದರ್ಶನಗಳನ್ನು. ನಾಳೆ ಯಾರೊಡನೆ ವಾದ ಮಾಡಬೇಕಾಗುವುದೋ ಅವರ ಶಾಸ್ತ್ರವನ್ನು ಇವತ್ತು ಶಿಷ್ಯನಾಗಿ ಕುಳಿತು ಓದಿದರು. ಅಲ್ಲಿಂದ ಮುಳಬಾಗಿಲಿಗೆ ಬಂದು ಶ್ರೀಪಾದರಾಜರ ಹತ್ತಿರ ವರ್ಷಗಟ್ಟಲೆ ಪಾಠ ಕೇಳಿದರು. ಚಂದ್ರಗಿರಿಯಲ್ಲಿ ಸಾಳುವ ನರಸಿಂಹನ ಗೌರವ ಪಡೆದು, ಕೊನೆಗೆ ವಿಜಯನಗರಕ್ಕೆ ಬಂದು ನೆಲೆನಿಂತರು. ಕೃಷ್ಣದೇವರಾಯನ ಕಾಲವನ್ನು ಪೂರ್ತಿ ಕಂಡು, ಅಚ್ಯುತರಾಯನ ಕಾಲದಲ್ಲಿ, 1539ರಲ್ಲಿ ಅವರ ಬಾಳು ಮುಗಿಯಿತು.

ಈಗ ವೇದಿಕೆಯ ಮಾತು. ಕಳಿಂಗದಿಂದ ಬಂದ ಬಸವಭಟ್ಟರೆಂಬ ವಿದ್ವಾಂಸರೊಡನೆ ವ್ಯಾಸತೀರ್ಥರು ವಾದ ಮಾಡಿ ಗೆದ್ದರೆಂದು ಅವರ ಚರಿತ್ರೆ ಹೇಳುತ್ತದೆ. ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದ 'ವ್ಯಾಸಯೋಗಿಚರಿತ' ಅವರ ಬಾಳನ್ನು ತಿಳಿಸುವ ಚಂಪೂಕಾವ್ಯ. ಅಂದಿನ ಸಭೆಯ ವಾದಕ್ಕೆ ಬಿಗಿಯಾದ ಕಟ್ಟಳೆಗಳಿದ್ದವು. ಗೌತಮರ ನ್ಯಾಯಸೂತ್ರ ಮಾತಿನ ಪಂದ್ಯವನ್ನು ಮೂರು ಬಗೆ ಮಾಡುತ್ತದೆ. ನಿಜವನ್ನು ತಿಳಿಯಲೆಂದು ಮಾಡುವುದು ವಾದ. ಹೇಗಾದರೂ ಗೆಲ್ಲಲೆಂದು ಮಾಡುವುದು ಜಲ್ಪ. ತನ್ನದೆಂಬ ಯಾವ ನಿಲುವನ್ನೂ ಇಡದೆ ಎದುರಿನವನ ಮಾತನ್ನು ಕೆಡವುತ್ತ ಹೋಗುವುದು ವಿತಂಡ. ವಿತಂಡವಾದ ಎಂಬ ಮಾತು ನಮ್ಮ ಮನೆಮನೆಯಲ್ಲೂ ಬಳಕೆಯಲ್ಲಿದೆ. ಅದು ಬಂದದ್ದು ಅಲ್ಲಿಂದ.

ಅದೇ ಸೂತ್ರ 22 ನಿಗ್ರಹಸ್ಥಾನಗಳನ್ನು ಎಣಿಸುತ್ತದೆ. ನಿಗ್ರಹಸ್ಥಾನವೆಂದರೆ, ಅಲ್ಲಿ ಕಾಲಿಟ್ಟವನು ಸೋತಂತೆ. ಅವುಗಳಲ್ಲಿ ಎರಡನ್ನು ನಾನು ಮಕ್ಕಳಿಗೆ ಮೊದಲ ದಿನವೇ ಹೇಳುತ್ತೇನೆ. ಒಂದು, ಅವಿಜ್ಞಾತಾರ್ಥ. ನಿನ್ನ ಮಾತನ್ನು ಮೂರು ಸಲ ಹೇಳಿದರೂ ಸಭೆಗೆ, ಎದುರಾಳಿಗೆ ಅರ್ಥವಾಗದಿದ್ದರೆ ನೀನು ಸೋತೆ. ಇನ್ನೊಂದು, ಅನನುಭಾಷಣ. ಎದುರಾಳಿ ಮೂರು ಸಲ ಹೇಳಿದ, ಸಭೆಗೂ ಅರ್ಥವಾದ ಮಾತನ್ನು ನೀನು ತಿರುಗಿ ಹೇಳಲಾರದೆ ಹೋದರೆ, ಆಗಲೂ ನೀನು ಸೋತೆ. ಉತ್ತರ ಕೊಡಲಾಗದವನು ಸೋಲುವುದು ಸರಿಯೇ. ಎದುರಿನವನು ಹೇಳಿದ್ದನ್ನು ಹೇಳಲಾಗದವನೂ ಸೋಲುತ್ತಾನೆಂದು ನಮ್ಮ ಹಿರಿಯರು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಕಟ್ಟಳೆ ಮಾಡಿದ್ದರು.

ನಾನು ಹುಡುಗನಾಗಿದ್ದಾಗ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಭಾಷಣವನ್ನು ಯಾರೋ ಬರೆದುಕೊಡುತ್ತಿದ್ದರು; ನಾನು ಕಂಠಪಾಠ ಮಾಡುತ್ತಿದ್ದೆ. ಎಲ್ಲಿ ಕೈ ಎತ್ತಬೇಕು, ಎಲ್ಲಿ ದನಿ ಏರಿಸಬೇಕು ಎಂಬುದು ಕೂಡ ಹಾಳೆಯ ಅಂಚಿನಲ್ಲಿ ಬರೆದಿರುತ್ತಿತ್ತು. ಹೊಸಪೇಟೆಯಲ್ಲಿ, ಕಂಪ್ಲಿಯಲ್ಲಿ, ಸಂಡೂರಿನಲ್ಲಿ ಬಹುಮಾನಗಳು ಬಂದವು. ಒಮ್ಮೆ ನನಗಿಂತ ಮುಂಚೆ ಮಾತಾಡಿದ ಹುಡುಗಿ ನನ್ನ ವಾದದ ಬುಡಕ್ಕೇ ಏಟು ಹಾಕಿ ಕೆಳಗಿಳಿದಳು. ನಾನು ಮೇಲೆ ಹೋಗಿ, ಅವಳು ಮಾತಾಡಿಯೇ ಇಲ್ಲವೆಂಬಂತೆ ನನ್ನ ಹಾಳೆಯನ್ನು ಒಪ್ಪಿಸಿದೆ. ಚಪ್ಪಾಳೆ ಬಿತ್ತು. ಬಹುಮಾನವೂ ನನಗೇ ಬಂತು. ಆ ಹುಡುಗಿ ನನ್ನ ಹತ್ತಿರ ಬಂದು, "ನಾ ಹೇಳಿದ್ದಕ್ಕ ನೀ ಉತ್ತರಾನ ಕೊಡಲಿಲ್ಲ" ಎಂದಳು. ಆ ದಿನ ನಾನು ಗೆದ್ದದ್ದು ಜಲ್ಪದಲ್ಲಿ. ಅವಳ ಮಾತಿಗೆ ನಾನು ಇವತ್ತಿಗೂ ಬಾಕಿಯಿದ್ದೇನೆ. ಅದಕ್ಕೇ ನಮ್ಮ ಕೊಠಡಿಯಲ್ಲಿ ಒಂದು ನಿಯಮವಿದೆ: ಉತ್ತರ ಹೇಳುವ ಮುಂಚೆ ಎದುರಿನವರ ಮಾತನ್ನು ನಿನ್ನ ಮಾತಿನಲ್ಲಿ ಹೇಳು. ಅವರು ತಲೆ ಆಡಿಸಿ 'ಹೌದು' ಎಂದರೆ ಮಾತ್ರ ಮುಂದಕ್ಕೆ ಹೋಗು.

ಎರಡನೆಯದು ಓದು. ವ್ಯಾಸತೀರ್ಥರ ಮೂರು ದೊಡ್ಡ ಗ್ರಂಥಗಳನ್ನು ಒಟ್ಟಾಗಿ ವ್ಯಾಸತ್ರಯ ಎನ್ನುತ್ತಾರೆ: 'ನ್ಯಾಯಾಮೃತ', 'ತಾತ್ಪರ್ಯಚಂದ್ರಿಕಾ', 'ತರ್ಕತಾಂಡವ'. ಅವುಗಳ ಕಟ್ಟಡವನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮೊದಲು ಪೂರ್ವಪಕ್ಷ, ಅಂದರೆ ಎದುರು ಪಕ್ಷದ ಮಾತು, ಆಮೇಲೆ ಸಿದ್ಧಾಂತ. ಅದ್ವೈತದ ವಾದಗಳನ್ನು ಅವರು ಎಷ್ಟು ವಿಸ್ತಾರವಾಗಿ, ಎಷ್ಟು ಅಚ್ಚುಕಟ್ಟಾಗಿ ಕೂಡಿಸಿಟ್ಟರೆಂದರೆ, ಅವುಗಳ ಮೇಲೆ ಅವರು ಎತ್ತಿದ ಆಕ್ಷೇಪಗಳಿಗೆ ಉತ್ತರ ಕೊಡಲು ಅದ್ವೈತದ ಮಹಾವಿದ್ವಾಂಸರಾದ ಮಧುಸೂದನ ಸರಸ್ವತಿಯವರೇ 'ಅದ್ವೈತಸಿದ್ಧಿ' ಬರೆಯಬೇಕಾಯಿತು. ದಕ್ಷಿಣದಲ್ಲಿ ಬರೆದ 'ನ್ಯಾಯಾಮೃತ'ಕ್ಕೆ ಉತ್ತರಭಾರತದಿಂದ ಒಂದೊಂದು ಅಂಶಕ್ಕೂ ಉತ್ತರ ಬಂತು. ಅಲ್ಲಿಗೂ ಮುಗಿಯಲಿಲ್ಲ. ದ್ವೈತದ ಕಡೆಯಿಂದ ರಾಮಾಚಾರ್ಯರು 'ತರಂಗಿಣಿ' ಬರೆದರು. ಅದಕ್ಕೆ ಅದ್ವೈತದ ಬ್ರಹ್ಮಾನಂದರು ಉತ್ತರ ಬರೆದರು. ಈ ರಾಮಾಚಾರ್ಯರು ಮಧುಸೂದನರ ಹತ್ತಿರವೇ ಶಿಷ್ಯರಾಗಿ ಅದ್ವೈತಸಿದ್ಧಿಯನ್ನು ಪಾಠ ಕೇಳಿ, ಆಮೇಲೆ ಅದರ ಖಂಡನೆ ಬರೆದರೆಂದು ಸಂಪ್ರದಾಯದಲ್ಲಿ ಒಂದು ಕಥೆಯಿದೆ. ಕಥೆಯ ನಿಜ ಹೇಗೇ ಇರಲಿ, ಅದನ್ನು ಹೇಳಿಕೊಂಡು ಬಂದ ಜನಕ್ಕೆ ಎದುರಾಳಿಯ ಕಾಲ ಬಳಿ ಕುಳಿತು ಕಲಿಯುವುದು ಅವಮಾನವೆನಿಸಿರಲಿಲ್ಲ. ಭಾರತೀಯ ದರ್ಶನಗಳ ಚರಿತ್ರೆ ಬರೆದ ಸುರೇಂದ್ರನಾಥ ದಾಸಗುಪ್ತರು ವ್ಯಾಸತೀರ್ಥರ ತರ್ಕಕೌಶಲವನ್ನು ಮನತುಂಬಿ ಹೊಗಳಿದ್ದಾರೆ.

ಓದು ಇನ್ನೊಂದನ್ನೂ ಕೊಡುತ್ತದೆ, ಕಾರಣವನ್ನು ಒರೆಗೆ ಹಚ್ಚುವ ಅಭ್ಯಾಸ. ತರ್ಕಶಾಸ್ತ್ರದ ಹಳೆಯ ಉದಾಹರಣೆ ನಿಮಗೆ ಗೊತ್ತು: ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ, ಅಡುಗೆಮನೆಯಲ್ಲಿ ನೋಡಿಲ್ಲವೇ? ತೋರಣಗಲ್ಲಿನ ಮಕ್ಕಳಿಗೆ ಇದನ್ನು ಹೇಳುವಾಗ ನಾನು ಕಿಟಕಿಯಾಚೆ ಕೈ ತೋರಿಸುತ್ತೇನೆ. ಕಾರ್ಖಾನೆಯ ಕಡೆ ಬೆಳ್ಳಗೆ ದಟ್ಟವಾಗಿ ಏನೋ ಮೇಲೇಳುತ್ತಿರುತ್ತದೆ. "ಹೊಗೆ ಸರ್, ಕೆಳಗ ಬೆಂಕಿ ಐತಿ" ಎಂದು ಎಲ್ಲರೂ ಹೇಳುತ್ತಾರೆ. ಕೂಲಿಂಗ್ ಟವರಿನಲ್ಲಿ ಬಿಸಿನೀರು ಆರುವಾಗ ಏಳುವ ಹಬೆ ಅದು. ಹೊಗೆಯೇ ಅಲ್ಲದ ಮೇಲೆ ಬೆಂಕಿಯ ಅನುಮಾನ ನಿಲ್ಲುವುದಿಲ್ಲ. ನಮ್ಮ ಹಿರಿಯರು ಇದನ್ನು ಹೇತ್ವಾಭಾಸ ಎಂದರು. ಕಾರಣದಂತೆ ತೋರುತ್ತದೆ, ಕಾರಣವಲ್ಲ. ಹಬೆಯನ್ನು ಹೊಗೆಯೆಂದು ತಿಳಿದು ಒಮ್ಮೆ ಮೋಸಹೋದ ಮಗು ಮುಂದೆ ಯಾವ ಮಾತನ್ನೂ ಮುಟ್ಟಿ ನೋಡದೆ ನಂಬುವುದಿಲ್ಲ.

ಗುರುವಾಗಿ ವ್ಯಾಸತೀರ್ಥರ ದೊಡ್ಡತನ ಅವರ ಶಿಷ್ಯರಲ್ಲಿ ಕಾಣುತ್ತದೆ. ಕುಂಭಕೋಣದ ವಿಜಯೀಂದ್ರರು, ಸೋದೆಯ ವಾದಿರಾಜರು ಅವರ ಬಳಿ ಓದಿದರೆಂದು ಸಂಪ್ರದಾಯ. ಪುರಂದರದಾಸರು, ಕನಕದಾಸರು ಅವರ ಬಳಗದವರು. ಮೋಕ್ಷಕ್ಕೆ ಯಾರು ಹೋಗುತ್ತಾರೆಂಬ ಮಾತು ಒಮ್ಮೆ ಸಭೆಯಲ್ಲಿ ಎದ್ದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಕನಕದಾಸರು, 'ನಾನು' ಹೋದರೆ ಹೋದೇನು ಎಂದರಂತೆ. ದೊಡ್ಡ ಪಂಡಿತರು ಅದನ್ನು ಸೊಕ್ಕಿನ ಮಾತೆಂದು ತಿಳಿದು ಸಿಟ್ಟಾದರು. ಗುರುಗಳು ಮಾತ್ರ ಆ ಮಾತನ್ನು ಬಿಡಿಸಿ ತೋರಿಸಿದರು. 'ನಾನು' ಎಂಬ ಅಹಂಕಾರ ಹೋದರೆ ತಾನು ಹೋದೇನು ಎಂದು ಆ ಶಿಷ್ಯ ಹೇಳಿದ್ದ. ಸಭೆ ಕೇಳಿದ್ದು ದನಿಯನ್ನು; ಗುರು ಕೇಳಿದ್ದು ಅರ್ಥವನ್ನು. ವಾದ ಕಲಿಸುವವನ ಮುಂದೆ ದಿನಾ ಇಂಥ ಮಕ್ಕಳು ನಿಲ್ಲುತ್ತಾರೆ. ಒಬ್ಬನಿಗೆ ಮಾತು ತೊದಲುತ್ತದೆ. ಇನ್ನೊಬ್ಬಳು ಲಂಬಾಣಿ ತಾಂಡಾದಿಂದ ಬಂದವಳು. ಪುಸ್ತಕದ ಕನ್ನಡ ಅವಳ ನಾಲಿಗೆಗೆ ಇನ್ನೂ ಹೊಸದು. ತೊದಲಿನ ಹಿಂದೆ ಇರುವ ಮಾತನ್ನು ಕೇಳಿಸಿಕೊಳ್ಳುವ ಕಿವಿ ಇಲ್ಲದಿದ್ದರೆ ಅಂಥ ಮಕ್ಕಳು ವೇದಿಕೆ ಹತ್ತುವುದೇ ಇಲ್ಲ.

ಮೂರನೆಯದು ಉದ್ದಿಮೆ. ಸನ್ಯಾಸಿಗೆ ಉದ್ದಿಮೆಯೇ ಎಂದು ನೀವು ಕೇಳಬಹುದು. ಕೃಷ್ಣದೇವರಾಯ ವ್ಯಾಸತೀರ್ಥರಿಗೆ, ಈಗ ಆಂಧ್ರಪ್ರದೇಶಕ್ಕೆ ಸೇರಿದ ಬೆಟ್ಟಕೊಂಡ ಎಂಬ ಊರನ್ನು ದಾನ ಕೊಟ್ಟ. ಅಲ್ಲಿ ವ್ಯಾಸಸಮುದ್ರವೆಂಬ ದೊಡ್ಡ ಕೆರೆಯಾಯಿತು. ಒಣ ಸೀಮೆಯಲ್ಲಿ ಕೆರೆ ಕಟ್ಟುವುದೆಂದರೆ ಏರಿಗೆ ಮಣ್ಣು, ತೂಬಿಗೆ ಕಲ್ಲು, ಕೂಲಿಯವರಿಗೆ ಕಾಳು, ಕೆಳಗಿನ ಗದ್ದೆಗಳಿಗೆ ನೀರಿನ ಪಾಲು, ಇವೆಲ್ಲದರ ಲೆಕ್ಕ ಬೇಕು. ಶ್ಲೋಕ ಹೇಳಿದರೆ ಏರಿ ನಿಲ್ಲುವುದಿಲ್ಲ. ನೆಲ ಎಲ್ಲಿ ಇಳಿಜಾರು, ನೀರು ಎಲ್ಲಿ ಸೋರುತ್ತದೆ ಎಂಬುದನ್ನು ನೆಲವೇ ಹೇಳುತ್ತದೆ, ಕಟ್ಟುವವನು ಕೇಳಬೇಕು. ನಮ್ಮ ಹಂಪಿಯ ಸುತ್ತಿನ ಬಾಳೆತೋಟಗಳಿಗೆ ಇವತ್ತಿಗೂ ನೀರುಣಿಸುವ ತುರ್ತು ಕಾಲುವೆಯನ್ನು ತೋಡಿದವರು ಹಾಗೆ ಕೇಳಿದವರು.

ನಾನು ಎಂ.ಎ. ಮುಗಿಸಿದಾಗ ಕೆಲಸ ಸಿಗಲಿಲ್ಲ. ನಾಲ್ಕು ವರ್ಷ ಅಪ್ಪನ ಲೇತ್ ವರ್ಕ್‌ಶಾಪ್ ನಡೆಸಿದೆ. ಲಾರಿಗಳ, ಕ್ರಷರ್‌ಗಳ ಬುಷ್, ಪಿನ್, ಶಾಫ್ಟ್ ಮಾಡಿಕೊಡುತ್ತಿದ್ದೆವು. ಒಬ್ಬ ಗಿರಾಕಿ ಬುಷ್ ಒಂದನ್ನು ವಾಪಸು ತಂದು, "ಕೂಡ್ತಾ ಇಲ್ಲ, ಅಲ್ಲಾಡತೈತಿ" ಎಂದರು. ನಾನು ವರ್ನಿಯರ್ ಹಿಡಿದು ಅಳತೆ ತೋರಿಸಿದೆ. ಡ್ರಾಯಿಂಗ್‌ನಲ್ಲಿದ್ದಷ್ಟೇ ಇತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿರಲಿಲ್ಲ. ಅವರಿಗೆ ಮಾತು ಹೊರಡಲಿಲ್ಲ. ದುಡ್ಡು ಕೊಟ್ಟು ಹೋದರು. ಮತ್ತೆ ಬರಲಿಲ್ಲ. ತಿಂಗಳುಗಳಾದ ಮೇಲೆ ಒಬ್ಬ ಹಿರಿಯ ಮೆಕ್ಯಾನಿಕ್ ಹೇಳಿದರು: ಆ ಗಾಡಿಯ ಶಾಫ್ಟೇ ಸವೆದಿತ್ತು, ಬುಷ್ಷನ್ನು ಸವೆದ ಶಾಫ್ಟಿನ ಅಳತೆಗೆ ಕೊರೆಯಬೇಕಿತ್ತು. ಆ ಗಿರಾಕಿ ತನ್ನ ಎರಡು ಮಾತಿನಲ್ಲಿ ಹೇಳಿದ್ದು ಅದನ್ನೇ. ನಾನು ಅಳತೆಯನ್ನು ಗೆಲ್ಲಿಸಿದೆ. ಅವರ ಗಾಡಿ ಮಾತ್ರ ಓಡಲಿಲ್ಲ. ಅನನುಭಾಷಣವೆಂದರೆ ಏನೆಂದು ನನಗೆ ಗ್ರಂಥಕ್ಕಿಂತ ಚೆನ್ನಾಗಿ ಆ ಬುಷ್ ಕಲಿಸಿತು.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ಜಲಾಶಯ ತುಂಬಿತ್ತು. ಕರ್ನಾಟಕ, ಆಂಧ್ರ, ತೆಲಂಗಾಣದ ರೈತರ ಕಣ್ಣು ಆ ಒಂದು ಗೇಟಿನ ಮೇಲೆ ನೆಟ್ಟಿತ್ತು. ಬಹಳಷ್ಟು ನೀರು ಹೊರಗೆ ಹೋದ ಮೇಲೆಯೇ ದುರಸ್ತಿ ಸಾಧ್ಯ ಎಂಬ ಮಾತೂ ಬಂತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ಆ ಕಂಡಿಯನ್ನು ಮುಚ್ಚಿದರು. ಆ ದಿನಗಳಲ್ಲಿ ಮಕ್ಕಳಿಗೆ ನಾನು ಹೇಳುತ್ತಿದ್ದೆ: ಅಲ್ಲಿ ಪೂರ್ವಪಕ್ಷ ಹೂಡಿರುವುದು ನದಿ. ಅದರ ರಭಸವನ್ನು ಕಡಿಮೆ ಅಂದಾಜು ಮಾಡಿ ಯಾರೂ ಅಲ್ಲಿ ಗೆಲ್ಲುವ ಹಾಗಿಲ್ಲ. ಎಷ್ಟು ಬಲವಿದೆಯೋ ಅಷ್ಟನ್ನೂ ಲೆಕ್ಕಕ್ಕೆ ಹಿಡಿದವರ ಉತ್ತರ ಮಾತ್ರ ನೀರಿನಲ್ಲಿ ನಿಂತೀತು.

ಈಗ ನನಗೆ ಎಲ್ಲಕ್ಕಿಂತ ಹತ್ತಿರದ ನೆನಪು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಸಂಡೂರಿನ ರಸ್ತೆಗಳಲ್ಲಿ ಹಗಲಿರುಳು ಸಾಲುಗಟ್ಟಿ ಹೋಗುತ್ತಿದ್ದ ಅದಿರು ಲಾರಿಗಳು ನಿಂತಲ್ಲೇ ನಿಂತವು. ಆ ವರ್ಷ ನಾವು ಚರ್ಚೆಗೆ ಇಟ್ಟುಕೊಂಡ ವಿಷಯ 'ಗಣಿ ನಿಲ್ಲಿಸಿದ್ದು ಸರಿ'. ಚೀಟಿ ಎತ್ತಿದಾಗ, ಲಾರಿ ಇಟ್ಟುಕೊಂಡಿದ್ದವರೊಬ್ಬರ ಮಗನಿಗೆ 'ಪರ' ಬಂತು. ಹುಡುಗ ಕಣ್ಣಲ್ಲಿ ನೀರು ತಂದುಕೊಂಡ. "ಸರ್, ನಮ್ಮಪ್ಪನ ಲಾರಿ ಮನಿ ಮುಂದ ನಿಂತೈತ್ರಿ. ನಿಲ್ಲಿಸಿದ್ದು ಸರಿ ಅಂತ ನಾ ಹೆಂಗ ಹೇಳ್ಲಿ?"

ಚೀಟಿ ಬದಲಿಸಿಕೊಡಬಹುದಿತ್ತು. ನಾನು, "ಮೊದಲು ನಿಮ್ಮಪ್ಪನ ಮಾತನ್ನೇ ಬರಕೊಂಡು ಬಾ" ಎಂದೆ. ಮರುದಿನ ಎರಡು ಹಾಳೆ ತಂದ. ತಿಂಗಳ ಕಂತು, ಟೈರಿನ ಬಾಕಿ, ಕ್ಲೀನರ್ ಹುಡುಗನ ಪಗಾರ, ಆ ಹುಡುಗನ ಮನೆಯ ರೇಷನ್, ಎಲ್ಲ ಇತ್ತು. ಭಾನುವಾರ ಅವನು ಸೋದರಮಾವನ ಹೊಲಕ್ಕೆ ಹೋದ. ಹೊಲ ಅದಿರು ಲಾರಿಯ ದಾರಿಗೆ ಅಂಟಿಕೊಂಡಿತ್ತು. ಜೋಳದ ಎಲೆಗಳನ್ನು ಬೆರಳಿನಿಂದ ಒರೆಸಿದ. ಹಿಂದಿನ ದಿನಗಳ ಕೆಂಪು ಧೂಳು ಬೆರಳಿಗೆ ಬಂತು. ಅಜ್ಜಿಯ ಕೆಮ್ಮಿನ ಕಥೆ ಕೇಳಿದ. ಬಾವಿಯ ನೀರನ್ನು ನೋಡಿದ.

ಚರ್ಚೆಯ ದಿನ ಅವನು ಮೊದಲ ಒಂದೂವರೆ ನಿಮಿಷ ಗಣಿ ನಿಲ್ಲಬಾರದಿತ್ತು ಎನ್ನುವವರ ಮಾತನ್ನೇ ಆಡಿದ, ಅಪ್ಪನ ಲೆಕ್ಕ ಸಮೇತ. ಆಮೇಲೆ ಹೊಲದ ಮಾತಾಡಿದ. ಕೊನೆಗೆ, ಕಾನೂನು ಮೀರಿ ತೋಡಿದ್ದರ ಬೆಲೆಯನ್ನು ಕಾನೂನಿನಂತೆ ದುಡಿದವರೂ ತೆರಬೇಕಾಗಿ ಬಂತಲ್ಲ, ಅದಕ್ಕೇ ಇದನ್ನು ಮೊದಲೇ ನಿಲ್ಲಿಸಬೇಕಿತ್ತು ಎಂದು ಮುಗಿಸಿದ. ಬಹುಮಾನ ಬರಲಿಲ್ಲ. ಅಷ್ಟೊಂದು ಸಮಯವನ್ನು ಎದುರು ಪಕ್ಷಕ್ಕೇ ಕೊಟ್ಟನೆಂದು ತೀರ್ಪುಗಾರರು ಅಂಕ ಕಡಿಮೆ ಮಾಡಿದ್ದರು. ಹಿಂದಿನ ಬೆಂಚಿನಲ್ಲಿ ಅವನ ಅಪ್ಪ ಕುಳಿತಿದ್ದರು. ಹೊರಗೆ ಬಂದು ಮಗನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ನೀ ಹೇಳಿದ್ದು ನಾ ಒಪ್ಪಂಗಿಲ್ಲ. ಆದ್ರ ನನ್ನ ಲಾರಿ ಕಂತಿನ ಸಂಕಟ ಮಂದಿ ಮುಂದ ಸರಿಯಾಗಿ ಹೇಳಿದವ ನೀ ಒಬ್ಬನ." ಇಬ್ಬರೂ ಒಟ್ಟಿಗೆ ನಡೆದು ಮನೆಗೆ ಹೋದರು.

ಮುಂದೆ 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಗಣಿ ಗುತ್ತಿಗೆಗಳು ಎ, ಬಿ, ಸಿ ಎಂದು ಬೇರೆಬೇರೆಯಾಗಿದ್ದವು. ಅಕ್ರಮ ಹೆಚ್ಚಾಗಿದ್ದ ಸಿ ವರ್ಗದವು ರದ್ದಾದವು. ಉಳಿದವಕ್ಕೆ ಷರತ್ತುಗಳೊಡನೆ ದಾರಿ ತೆರೆಯಿತು. ಹೊಲದವನ ಮಾತೂ ಲಾರಿಯವನ ಮಾತೂ ಎರಡೂ ತೂಕವುಳ್ಳವು ಎಂದು ಆ ಹುಡುಗ ಮೊದಲೇ ಕಂಡುಕೊಂಡಿದ್ದ.

ಇಂಥ ತೀರ್ಪು ನಮ್ಮ ನೆಲಕ್ಕೆ ಹೊಸದಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಎದ್ದಿತು. ಆನೆಗೊಂದಿಯೂ ಸೇರಿದಂತೆ ಹಲವು ಊರುಗಳ ಜೈನರು ಬುಕ್ಕರಾಯನ ಬಳಿಗೆ ದೂರು ತಂದರು. ರಾಜ ಎರಡೂ ಕಡೆಯವರನ್ನು ಕೂಡಿಸಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟ. ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡುವುದು, ಅದರಿಂದ ಶ್ರೀವೈಷ್ಣವರು ಬೆಳಗೊಳದ ದೇವರಿಗೆ ಕಾವಲಿಡುವುದು, ಮಿಕ್ಕದ್ದರಲ್ಲಿ ಬಸದಿಗಳನ್ನು ದುರಸ್ತಿ ಮಾಡುವುದು ಎಂದು ಒಪ್ಪಂದವಾಯಿತು. ಶ್ರವಣಬೆಳಗೊಳದ ಕಲ್ಲಿನಲ್ಲಿ ಅದು ಇವತ್ತಿಗೂ ಇದೆ. ನಿನ್ನೆಯ ಎದುರಾಳಿಯೇ ನಾಳೆಯ ಕಾವಲುಗಾರನಾದ.

ಕೇಳುಗರೇ, ಇವತ್ತು ರಾತ್ರಿ ಊಟದ ಹೊತ್ತಿಗೆ ನಿಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ. ಮನೆಯೊಳಗೆ ಬಹಳ ದಿನದಿಂದ ನಡೆದಿರುವ ಒಂದು ಜಗಳವನ್ನು ಎತ್ತಿಕೊಳ್ಳಿ. ಮಗಳನ್ನು ಓದಲು ಧಾರವಾಡಕ್ಕೆ ಕಳಿಸುವುದೋ ಬೇಡವೋ, ಇದ್ದ ಎರಡು ಎಕರೆ ಮಾರುವುದೋ ಇಟ್ಟುಕೊಳ್ಳುವುದೋ, ಯಾವುದಾದರೂ ಆಗಲಿ. ಅಪ್ಪ ಮಗಳ ಮಾತನ್ನು ಹೇಳಲಿ. ಮಗಳು ಅಪ್ಪನ ಮಾತನ್ನು ಹೇಳಲಿ. "ಹೌದು, ನಾ ಹೇಳಿದ್ದು ಇದನ್ನೇ" ಎಂದು ಎದುರಿನವರು ಒಪ್ಪುವವರೆಗೆ ಯಾರೂ ತಮ್ಮ ಉತ್ತರ ಕೊಡಬಾರದು. ಜಗಳ ತೀರುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ಆ ರಾತ್ರಿ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ತಲುಪಿರುತ್ತದೆ.

ಅಂದು ಬಾಗಿಲಲ್ಲಿ ನಿಂತು ಕೇಳಿದ ಆ ತಂದೆಯೂ ಈಗ ಎಲ್ಲಿಯೋ ರೇಡಿಯೋ ಹಚ್ಚಿಕೊಂಡು ಕುಳಿತಿರಬಹುದು. ಅವರಿಗೆ ನನ್ನ ಉತ್ತರ: ಅಣ್ಣಾ, ವಾದ ಹೇಳಿಕೊಡುವವನು ವೇದಿಕೆಯ ಮೇಲೆ ನಿಂತಿರಬೇಕು, ಗ್ರಂಥಗಳನ್ನು ಓದಿರಬೇಕು, ಒಂದು ಬುಷ್ಷನ್ನಾದರೂ ಕೆಡಿಸಿ ಕಲಿತಿರಬೇಕು. ಅವನು ಇದನ್ನೆಲ್ಲ ನಿಜವಾಗಿ ಕಲಿತಿದ್ದಾನೋ ಇಲ್ಲವೋ ಎಂದು ತಿಳಿಯಲು ನೀವು ಅವನ ಭಾಷಣ ಕೇಳಬೇಕಾಗಿಲ್ಲ. ನಿಮ್ಮ ಮಗಳು ಮನೆಯಲ್ಲಿ ನಿಮ್ಮ ಮಾತನ್ನು ಹೇಗೆ ಕೇಳುತ್ತಾಳೆ, ಅದನ್ನು ನೋಡಿ.